ಸಾಂತಾ ಕ್ಲಾರಾ ಕೌಂಟಿಯ ಡಿಕ್ರಿ ಮೈಸೂರಿನಲ್ಲೂ ನಡೆಯಬೇಕಿತ್ತು: ಒಂದು ವಿಚ್ಛೇದನದ ಪ್ರಕರಣ ಅಧ್ಯಯನ

ಈ ಪ್ರಕರಣದ ಗಂಡ ಹೆಂಡತಿಯ ಗುರುತು ಸಿಗದಂತೆ ಊರು, ತಿಂಗಳು, ಮೊತ್ತಗಳನ್ನು ಅಲ್ಲಲ್ಲಿ ಬದಲಿಸಿದೆ. ಕಾನೂನು, ಫಾರಂ, ಶುಲ್ಕ ಮಾತ್ರ ಇದ್ದಂತೆಯೇ ಇವೆ.

ಹಿನ್ನೆಲೆ

ಮದುವೆ ಆದದ್ದು ಮೈಸೂರಿನ ಛತ್ರವೊಂದರಲ್ಲಿ, ಹಿಂದೂ ಸಂಪ್ರದಾಯದಂತೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗಿತ್ತು. ಗಂಡ ಎಚ್-1ಬಿ ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ಹೆಂಡತಿ ಎಚ್-4 ಅವಲಂಬಿತ ವೀಸಾದಲ್ಲಿದ್ದರು. ಏಳು ವರ್ಷದ ಸಂಸಾರ, ಮಕ್ಕಳಿಲ್ಲ. ಒಂದು ಮಾರ್ಚ್‌ನಲ್ಲಿ ಹೆಂಡತಿ ಮೈಸೂರಿನ ತವರಿಗೆ ಹೊರಟರು, ವಾಪಸ್ಸು ಟಿಕೆಟ್ ತೆಗೆಸಲಿಲ್ಲ. ಎರಡೂ ಮನೆಯ ಹಿರಿಯರು ಮಾತಾಡಿ ಸೋತ ಮೇಲೆ ಗಂಡ ಮರುವರ್ಷದ ಜನವರಿಯಲ್ಲಿ ಸನ್ನಿವೇಲ್ ಸೇರುವ ಸಾಂತಾ ಕ್ಲಾರಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸುಪೀರಿಯರ್ ಕೋರ್ಟಿನಲ್ಲಿ ಅರ್ಜಿ ಹಾಕಿದರು.

ಅಮೆರಿಕದಲ್ಲಿ ವಿಚ್ಛೇದನ ಆಯಾ ರಾಜ್ಯದ ಕಾನೂನಿನ ವಿಷಯ, ಅರ್ಜಿ ಹಾಕುವುದು ತಾವಿರುವ ಕೌಂಟಿಯ ಕೋರ್ಟಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ದಂಪತಿಯಲ್ಲಿ ಒಬ್ಬರಾದರೂ ರಾಜ್ಯದಲ್ಲಿ ಹಿಂದಿನ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ವಾಸವಿದ್ದರೆ ಸಾಕು. ಮದುವೆ ಎಲ್ಲಿ ಆಯಿತು ಎಂದು ಕೇಳುವುದಿಲ್ಲ, ವೀಸಾದಲ್ಲಿರುವವರೂ ಹಾಕಬಹುದು. ಅವಧಿ ತುಂಬದವರು ಮೊದಲು ಕಾನೂನುಬದ್ಧ ಪ್ರತ್ಯೇಕತೆಗೆ ಅರ್ಜಿ ಹಾಕಿ, ತುಂಬಿದ ಮೇಲೆ ಅದನ್ನೇ ವಿಚ್ಛೇದನದ ಅರ್ಜಿಯಾಗಿ ತಿದ್ದುವುದುಂಟು.

ಗಂಡ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಸ್ಯಾನ್ ಹೊಸೆಯ ಫ್ಯಾಮಿಲಿ ಜಸ್ಟಿಸ್ ಸೆಂಟರ್‌ನಲ್ಲಿರುವ ಸ್ವ-ಸಹಾಯ ಕೇಂದ್ರದಲ್ಲಿ ಕೇಳಿ ತಾವೇ ಫಾರಂ ತುಂಬಿದರು. ಎಫ್‌ಎಲ್-100 ಎಂದರೆ ಅರ್ಜಿ, ಎಫ್‌ಎಲ್-110 ಎಂದರೆ ಸಮನ್ಸ್. ಮಕ್ಕಳಿದ್ದರೆ ಎಫ್‌ಎಲ್-105 ಸೇರಬೇಕು, ಇಲ್ಲಿ ಬೇಕಿರಲಿಲ್ಲ. ಮೂಲ ಪ್ರತಿ, ಜೊತೆಗೆ ಎರಡು ನಕಲು, 435 ಡಾಲರ್ ಶುಲ್ಕ. ವರಮಾನ ಕಡಿಮೆ ಇದ್ದವರು ಎಫ್‌ಡಬ್ಲ್ಯು-001 ತುಂಬಿ ಶುಲ್ಕ ಮನ್ನಾ ಕೇಳಬಹುದು. ಕಾರಣದ ಜಾಗದಲ್ಲಿ ‘ಸರಿಪಡಿಸಲಾಗದ ಭಿನ್ನಾಭಿಪ್ರಾಯ’ ಎಂಬ ಚೌಕಕ್ಕೆ ಟಿಕ್ ಹಾಕಿದರು. ಅಲ್ಲಿ ಯಾರ ತಪ್ಪು ಎಂದು ರುಜುವಾತು ಮಾಡುವ ಪ್ರಮೇಯವೇ ಇಲ್ಲ.

ಇಷ್ಟೆಲ್ಲ ಒಂದು ಬೆಳಿಗ್ಗೆಯ ಕೆಲಸ. ಎಡವಟ್ಟು ಶುರುವಾದದ್ದು ಸಮನ್ಸ್ ಕಳಿಸುವಲ್ಲಿ.

ಕೊರಿಯರ್‌ನಲ್ಲಿ ಹೋದ ಸಮನ್ಸ್

ಗಂಡನ ಲೆಕ್ಕ ನೇರವಾಗಿತ್ತು. ಕಾಗದ ಮೈಸೂರಿಗೆ ಕೊರಿಯರ್‌ನಲ್ಲಿ ಹೋಗುತ್ತದೆ, ಮಾವ ಸಹಿ ಮಾಡಿ ತೆಗೆದುಕೊಳ್ಳುತ್ತಾರೆ, 30 ದಿನದಲ್ಲಿ ಉತ್ತರ ಬರದಿದ್ದರೆ ಎಫ್‌ಎಲ್-165 ಹಾಕಿ ಡಿಫಾಲ್ಟ್, ಅಂದರೆ ಎದುರುಪಕ್ಷವಿಲ್ಲದೆಯೇ ತೀರ್ಪು, ಕೇಳುವುದು, ಆರು ತಿಂಗಳಿಗೆ ಡಿಕ್ರಿ. ಸ್ಥಳೀಯ ಪ್ರಕರಣದಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಸರಿಯೇ: ಕಕ್ಷಿದಾರನಲ್ಲದ 18 ದಾಟಿದ ಯಾರಾದರೂ ಕಾಗದವನ್ನು ಕೈಗೆ ಕೊಟ್ಟು, ಕೊಟ್ಟದ್ದಕ್ಕೆ ಎಫ್‌ಎಲ್-115 ತುಂಬಿ ಸಹಿ ಹಾಕಿದರೆ ಜಾರಿ ಮುಗಿಯಿತು. ಇಲ್ಲೂ ಒಬ್ಬ ಗೆಳೆಯ ಕೊರಿಯರ್ ಮಾಡಿ ಎಫ್‌ಎಲ್-115ಕ್ಕೆ ಸಹಿ ಹಾಕಿದ.

ಡಿಫಾಲ್ಟ್ ಕೋರಿಕೆಯನ್ನು ಕೋರ್ಟು ವಾಪಸ್ಸು ಮಾಡಿತು. ಕೋರ್ಟಿನ ಕಾಗದವನ್ನು ಬೇರೆ ದೇಶದಲ್ಲಿರುವವರಿಗೆ ಮುಟ್ಟಿಸುವ ಕ್ರಮ ಹೇಳುವ ಹೇಗ್ ಸರ್ವಿಸ್ ಒಪ್ಪಂದಕ್ಕೆ ಭಾರತ ಸೇರಿದ ದೇಶ, 2007ರ ಆಗಸ್ಟ್‌ನಿಂದ ಅದು ಇಲ್ಲಿ ಜಾರಿಯಲ್ಲಿದೆ. ಸೇರುವಾಗಲೇ ಅದರ 10ನೇ ವಿಧಿಗೆ, ಅಂದರೆ ಅಂಚೆ ಮೂಲಕ ನೇರ ಜಾರಿಗೆ, ಭಾರತ ಆಕ್ಷೇಪ ದಾಖಲಿಸಿದೆ. ಆದ್ದರಿಂದ ಅಮೆರಿಕದ ಕೋರ್ಟಿನ ಸಮನ್ಸ್ ಒಪ್ಪಿಗೆಯಿಲ್ಲದ ಎದುರುಪಕ್ಷಕ್ಕೆ ಮುಟ್ಟಬೇಕಾದರೆ ದೆಹಲಿಯಲ್ಲಿ ಕೇಂದ್ರ ಕಾನೂನು ಸಚಿವಾಲಯದಲ್ಲಿರುವ ಕೇಂದ್ರ ಪ್ರಾಧಿಕಾರದ ಮೂಲಕ, ಅಲ್ಲಿಂದ ಜಿಲ್ಲಾ ನ್ಯಾಯಾಲಯದ ಅಮೀನರ ಕೈಗೆ ಬಂದು, ಹೀಗೆ ಸಾಗಬೇಕು. ಆರು ತಿಂಗಳು ಹಿಡಿಯಬಹುದು, ವರ್ಷ ದಾಟಿದ್ದೂ ಉಂಟು. ಮಾವನೇ ಕವರ್ ಒಡೆದು ಓದಿದ್ದರು, ಮಗಳಿಗೂ ತೋರಿಸಿದ್ದರು. ಆದರೂ ಕಾನೂನಿನ ಲೆಕ್ಕದಲ್ಲಿ ಸಮನ್ಸ್ ಜಾರಿಯಾಗಿರಲಿಲ್ಲ. ಎದುರಿಗಿರುವವರಿಗೆ ವಿಷಯ ಗೊತ್ತಿದೆಯೇ ಎಂಬುದಕ್ಕಿಂತ ಕಾಗದ ಯಾವ ದಾರಿಯಲ್ಲಿ ಬಂತು ಎಂಬುದನ್ನೇ ಕೋರ್ಟು ನೋಡುತ್ತದೆ.

ವಾಪಸ್ಸು ಬಂದದ್ದೇ ಒಳ್ಳೆಯದಾಯಿತು ಎನ್ನಬೇಕು. ಕಣ್ತಪ್ಪಿ ಡಿಫಾಲ್ಟ್ ಸಿಕ್ಕಿಬಿಟ್ಟಿದ್ದರೆ ಗಂಡನ ಕೈಯಲ್ಲಿ ಯಾವಾಗ ಬೇಕಾದರೂ ರದ್ದಾಗಬಹುದಾದ ಡಿಕ್ರಿಯೊಂದು ಇರುತ್ತಿತ್ತು, ಅದನ್ನು ನಂಬಿ ಆತ ಮುಂದಿನ ಮದುವೆಗೆ ಹೊರಟಿರುತ್ತಿದ್ದರು.

ಮೈಸೂರಿನ ವಕೀಲರು ಹೇಳಿದ್ದು

ಮಾವ ಆ ಕಾಗದಗಳನ್ನು ತಮ್ಮ ವಕೀಲರ ಮುಂದೆ ಇಟ್ಟರು. ವಕೀಲರ ಮೊದಲ ಮಾತು: ‘ಸಾರ್, ಒನ್ ಸೈಡ್ ಡಿಕ್ರಿ ತಗೊಂಡು ಬಂದ್ರೆ ಇಲ್ಲಿ ಅದಕ್ಕೆ ಬೆಲೆ ಇಲ್ಲ. ನಿಮ್ಮ ಮಗಳು ಇನ್ನೂ ಅವರ ಹೆಂಡ್ತೀನೇ.’

ಇದಕ್ಕೆ ಆಧಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ, ಮತ್ತು ವೈ. ನರಸಿಂಹರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ತೀರ್ಪು. ಮದುವೆ ಯಾವ ಕಾನೂನಿನಡಿ ಆಯಿತೋ ಆ ಕಾನೂನು ಒಪ್ಪುವ ಕೋರ್ಟು, ಆ ಕಾನೂನು ಒಪ್ಪುವ ಕಾರಣ, ಇವೆರಡೂ ಇದ್ದರೆ ಮಾತ್ರ ವಿದೇಶಿ ವಿಚ್ಛೇದನಕ್ಕೆ ಇಲ್ಲಿ ಮಾನ್ಯತೆ. ‘ಸರಿಪಡಿಸಲಾಗದ ಭಿನ್ನಾಭಿಪ್ರಾಯ’ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವಲ್ಲ. ತೀರ್ಪು ಮೂರು ವಿನಾಯಿತಿ ಕೊಟ್ಟಿದೆ: ಎದುರುಪಕ್ಷದವರು ಕಾಯಂ ಆಗಿ ಆ ದೇಶದಲ್ಲೇ ನೆಲೆಸಿದ್ದು, ಡಿಕ್ರಿ ನಮ್ಮ ಕಾಯ್ದೆ ಒಪ್ಪುವ ಕಾರಣದ ಮೇಲೆ ಬಂದಿದ್ದರೆ, ಎದುರುಪಕ್ಷದವರು ತಾವಾಗಿ ಆ ಕೋರ್ಟಿಗೆ ಹಾಜರಾಗಿ, ನಮ್ಮ ಕಾಯ್ದೆಯಲ್ಲಿರುವ ಕಾರಣದ ಮೇಲೆಯೇ ವಾದ ನಡೆದಿದ್ದರೆ, ಅಥವಾ ಎದುರುಪಕ್ಷದವರು ಆ ಡಿಕ್ರಿಗೆ ಒಪ್ಪಿಗೆ ಕೊಟ್ಟಿದ್ದರೆ. ಈ ದಂಪತಿಗೆ ತೆರೆದಿದ್ದದ್ದು ಮೂರನೆಯ ಬಾಗಿಲು ಒಂದೇ. ಅಮಾನ್ಯ ಡಿಕ್ರಿ ಹಿಡಿದು ಮರುಮದುವೆಯಾದರೆ ದ್ವಿಪತ್ನಿತ್ವದ ಕೇಸು. ಹಿಂದೆ ಐಪಿಸಿ 494 ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ.

ಇಲ್ಲಿಗೆ ಹೆಂಡತಿಯ ಕಡೆಯವರ ಕೈ ಮೇಲಾಯಿತು. ಅವರ ಮುಂದೆ ಎರಡು ದಾರಿ ಇದ್ದವು. ಅಮೆರಿಕದ ಕೇಸಿಗೆ ತಲೆ ಹಾಕದೆ ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ತಾವೇ ಅರ್ಜಿ ಹಾಕಿ ಜೀವನಾಂಶ ಕೇಳುವುದು ಒಂದು. ಸಾಂತಾ ಕ್ಲಾರಾ ಕೋರ್ಟಿಗೆ ತಾವಾಗಿ ಹಾಜರಾಗುವುದು ಇನ್ನೊಂದು. ಮನೆಯವರೆಲ್ಲ ಮೊದಲನೆಯದರ ಪರ. ‘ಅವನ ಊರಿನ ಕೋರ್ಟಿಗೆ ನಾವ್ಯಾಕೆ ಹೋಗ್ಬೇಕು’ ಎಂಬುದು ಚಿಕ್ಕಪ್ಪನ ವಾದ.

ಆದರೆ ಆಸ್ತಿ ಯಾವ ಕೋರ್ಟಿನಲ್ಲಿ ಹೇಗೆ ಹಂಚಿಕೆಯಾಗುತ್ತದೆ ಎಂದು ಯಾರೂ ಕೂತು ಹೋಲಿಸಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ನಡೆದಷ್ಟು ಕಾಲ ಇಬ್ಬರಲ್ಲಿ ಯಾರು ದುಡಿದದ್ದೂ ಇಬ್ಬರದು, ಸಂಬಳದಿಂದ ಹಿಡಿದು 401(ಕೆ) ನಿವೃತ್ತಿ ಖಾತೆ, ಕಂಪನಿ ಕೊಡುವ ಆರ್‌ಎಸ್‌ಯು ಷೇರುಗಳ ತನಕ ಅರ್ಧ ಭಾಗ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ಅರ್ಧ ಪಾಲು ಇಲ್ಲ. ಜೀವನಾಂಶ ಉಂಟು, ಸ್ತ್ರೀಧನ ಉಂಟು, ಗಂಡನ ಹೆಸರಿನ ಷೇರು ಖಾತೆಯಲ್ಲಿ ಹಕ್ಕು ಎಂಬುದು ಇಲ್ಲ. ಹೆಂಡತಿ ಹಾಜರಾಗದೆ ಉಳಿದರೆ ಅಲ್ಲಿನ ಕೋರ್ಟು ಮದುವೆಯನ್ನಷ್ಟೇ ಮುರಿದು ಸುಮ್ಮನಾಗುವ ಸಾಧ್ಯತೆಯಿತ್ತು. ಆಕೆಯ ಮೇಲೆ ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ಕೋರ್ಟು ಕಂಡರೆ ಆಸ್ತಿ, ಜೀವನಾಂಶಗಳನ್ನು ತೀರ್ಮಾನಿಸಲಾಗದು. ಗಂಡನ ಊರಿನ ಕೋರ್ಟು ಹೆಂಡತಿಗೇ ಲಾಭದ ಕೋರ್ಟಾಗಿತ್ತು. ವಕೀಲರು ಇದನ್ನು ಒಂದು ಹಾಳೆಯಲ್ಲಿ ಎರಡು ಅಂಕಣವಾಗಿ ಬರೆದು ತೋರಿಸಿದ ಮೇಲೆ ಚಿಕ್ಕಪ್ಪನೂ ಸುಮ್ಮನಾದರು.

ಯಾವ ಬಗೆಯ ಹಾಜರಿ

ಒಬ್ಬರೇ ಅರ್ಜಿ ಹಾಕಿ, ಆಮೇಲೆ ಇಬ್ಬರೂ ಒಪ್ಪಿದ ಇಂಥ ಪ್ರಕರಣವನ್ನು ಕ್ಯಾಲಿಫೋರ್ನಿಯಾದಲ್ಲಿ ಎರಡು ರೀತಿಯಲ್ಲಿ ಮುಗಿಸುತ್ತಾರೆ. ಎದುರುಪಕ್ಷದವರು ಉತ್ತರ ಸಲ್ಲಿಸದೆ, ನೋಟರಿ ಮಾಡಿಸಿದ ಒಪ್ಪಂದಕ್ಕೆ ಸಹಿ ಮಾತ್ರ ಹಾಕಿದರೆ ಅದು ‘ಒಪ್ಪಂದ ಸಹಿತ ಡಿಫಾಲ್ಟ್’. ಇದರಲ್ಲಿ ಎರಡನೆಯ ಶುಲ್ಕ ಕಟ್ಟಬೇಕಿಲ್ಲ. ಎಫ್‌ಎಲ್-120 ಎಂಬ ಉತ್ತರ ಸಲ್ಲಿಸಿ, ಎದುರುಪಕ್ಷದವರೂ 435 ಡಾಲರ್ ಕಟ್ಟಿ, ಕೊನೆಗೆ ಎಫ್‌ಎಲ್-130ರಲ್ಲಿ ಇಬ್ಬರೂ ಸಹಿ ಮಾಡಿದರೆ ಅದು ತಕರಾರಿಲ್ಲದ ಪ್ರಕರಣ.

ಗಂಡ ಮೊದಲನೆಯದು ಸಾಕು ಎಂದರು. ಮೈಸೂರಿನ ವಕೀಲರು ಒಪ್ಪಲಿಲ್ಲ, ಅವರ ಹಟ ಸರಿಯಾಗಿಯೇ ಇತ್ತು. ಇಲ್ಲಿಯ ನ್ಯಾಯಾಧೀಶರ ಮುಂದೆ ‘ಡಿಫಾಲ್ಟ್’ ಎಂಬ ಪದವಿರುವ ಕಡತ ಇಟ್ಟರೆ ಏಕಪಕ್ಷೀಯ ಎಂಬ ಗುಮಾನಿ ಮೊದಲು ಬರುತ್ತದೆ. ಆಮೇಲೆ ವಿವರಣೆ ಕೊಡುತ್ತಾ ಕೂರಬೇಕು. ಹೆಂಡತಿ ಸ್ವತಃ ಉತ್ತರ ಸಲ್ಲಿಸಿದ್ದರೆ ಆಕೆ ಆ ಕೋರ್ಟನ್ನು ತಾವಾಗಿ ಒಪ್ಪಿದ್ದಕ್ಕೆ ಮುದ್ರೆ ಬಿದ್ದ ದಾಖಲೆ ಇರುತ್ತದೆ. ಕೊನೆಗೆ ಆಕೆಯ ಶುಲ್ಕವನ್ನೂ ಗಂಡನೇ ಕಟ್ಟಿದರು. ಜೂನ್ 10ಕ್ಕೆ ಎಫ್‌ಎಲ್-120 ದಾಖಲಾಯಿತು. ಹಾಗೆ ಉತ್ತರ ಸಲ್ಲಿಸಿದ್ದೇ ಹಾಜರಾತಿ, ಆದ್ದರಿಂದ ದೆಹಲಿ ಮಾರ್ಗದ ಸಮನ್ಸ್ ಬೇಕಾಗಲೇ ಇಲ್ಲ.

ಗಂಡನಿಗೆ ಇಲ್ಲೊಂದು ಕಹಿ ಇತ್ತು. ಕ್ಯಾಲಿಫೋರ್ನಿಯಾದ ಆರು ತಿಂಗಳ ಕಡ್ಡಾಯ ಕಾಯುವಿಕೆ ಶುರುವಾಗುವುದು ಸಮನ್ಸ್ ಜಾರಿಯಾದ ಅಥವಾ ಎದುರುಪಕ್ಷದವರು ಹಾಜರಾದ ದಿನದಿಂದ, ಇವೆರಡರಲ್ಲಿ ಮೊದಲು ಬಂದದ್ದರಿಂದ. ಅರ್ಜಿ ಹಾಕಿದ ದಿನ ಲೆಕ್ಕಕ್ಕಿಲ್ಲ. ಕೊರಿಯರ್ ನಂಬಿ ಕಳೆದ ತಿಂಗಳುಗಳು ಹಾಗೇ ಹೋದವು. ಡಿಸೆಂಬರ್‌ಗೆ ಮೊದಲು ಮದುವೆ ಮುಗಿಯುವಂತಿರಲಿಲ್ಲ.

ಆಸ್ತಿ ಪಟ್ಟಿ ಮತ್ತು ಇ.ಸಿ.

ಅರ್ಜಿ ಅಥವಾ ಉತ್ತರ ಹಾಕಿದ 60 ದಿನದೊಳಗೆ ಇಬ್ಬರೂ ತಮ್ಮ ಆಸ್ತಿಪಾಸ್ತಿ ಬಿಚ್ಚಿಡಬೇಕು. ಎಫ್‌ಎಲ್-140 ಮುಖಪುಟ, ಎಫ್‌ಎಲ್-142 ಆಸ್ತಿ-ಸಾಲದ ಪಟ್ಟಿ, ಎಫ್‌ಎಲ್-150 ವರಮಾನ-ಖರ್ಚು, ಜೊತೆಗೆ ಎರಡು ವರ್ಷದ ತೆರಿಗೆ ರಿಟರ್ನ್. ಇವು ಪರಸ್ಪರ ಕೈ ಬದಲಾಗುತ್ತವೆ, ಕೋರ್ಟಿಗೆ ಹೋಗುವುದಿಲ್ಲ. ಕೊಟ್ಟಾಯಿತು ಎಂಬ ಎಫ್‌ಎಲ್-141 ಮಾತ್ರ ಕೋರ್ಟಿಗೆ.

ಗಂಡನ ಪಟ್ಟಿಯಲ್ಲಿ ಅಮೆರಿಕದ ಖಾತೆಗಳೆಲ್ಲ ಇದ್ದವು, ಮೈಸೂರಿನ ನಿವೇಶನ ಇರಲಿಲ್ಲ. ಅದು ತಂದೆಯ ಜೊತೆ ಜಂಟಿ ಹೆಸರಿನಲ್ಲಿತ್ತು, ‘ಇಂಡಿಯಾದ್ದು ಇಲ್ಲಿಗ್ಯಾಕೆ’ ಎಂದು ಬಿಟ್ಟಿದ್ದರು. ಹೆಂಡತಿಯ ತಮ್ಮ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದ. ನೋಂದಣಿಯ ದಿನಾಂಕ ಮದುವೆಯ ನಾಲ್ಕನೇ ವರ್ಷದ್ದು, ಹಣ ಹೋದದ್ದು ಗಂಡನ ಎನ್‌ಆರ್‌ಇ (ಅನಿವಾಸಿ ಭಾರತೀಯರ ಬ್ಯಾಂಕ್) ಖಾತೆಯಿಂದ. ತಮ್ಮ ಭಾವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಭಾವ, ಇ.ಸಿ. ನನ್ ಹತ್ರ ಇದೆ. ನೀವೇ ಸೇರಿಸ್ತೀರೋ, ನಾವು ಕೋರ್ಟಿಗೆ ಹೇಳೋದೋ?’

ಬಚ್ಚಿಟ್ಟ ಆಸ್ತಿಯ ಬಗ್ಗೆ ಕ್ಯಾಲಿಫೋರ್ನಿಯಾ ಕಾನೂನು ಬಹಳ ಕಟು. ದುರುದ್ದೇಶದಿಂದ ಮುಚ್ಚಿಟ್ಟದ್ದು ಸಾಬೀತಾದರೆ ಅರ್ಧವಲ್ಲ, ಪೂರ್ತಿಯಾಗಿ ಎದುರಿನವರಿಗೆ ಕೊಡಿಸಬಹುದು. ವಿಚ್ಛೇದನಕ್ಕೆ ಸ್ವಲ್ಪ ಮುಂಚೆ ಲಾಟರಿ ಗೆದ್ದದ್ದನ್ನು ಮುಚ್ಚಿಟ್ಟ ಹೆಂಡತಿಯೊಬ್ಬಳು ತನ್ನ ಪಾಲಿನ 13 ಲಕ್ಷ ಡಾಲರಿಗೂ ಹೆಚ್ಚಿನ ಇಡೀ ಮೊತ್ತವನ್ನು ಗಂಡನಿಗೆ ಬಿಟ್ಟುಕೊಡಬೇಕಾಯಿತು. 2001ರಲ್ಲಿ ಅಲ್ಲಿಯ ಮೇಲ್ಮನವಿ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಈ ಪ್ರಕರಣದ ಗಂಡ ಎರಡೇ ದಿನದಲ್ಲಿ ತಿದ್ದಿದ ಪಟ್ಟಿ ಕಳಿಸಿದರು. ಅನಿವಾಸಿ ಭಾರತೀಯರು ಸಾಮಾನ್ಯವಾಗಿ ಬಿಡುವ ಬಾಬ್ತುಗಳು ಇವೇ: ನಿವೇಶನ, ಎನ್‌ಆರ್‌ಇ ಠೇವಣಿ, ಹಳೆಯ ಪಿಎಫ್, ಎಲ್‌ಐಸಿ, ಲಾಕರಿನ ಚಿನ್ನ.

ಚಿನ್ನದ ಮಾತು ಬೇರೆಯೇ ಆಯಿತು. ಹೆಂಡತಿಗೆ ತವರಿನಿಂದ ಬಂದ ಒಡವೆ ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಆಕೆಯದೇ ಸ್ವತ್ತು, ನಮ್ಮ ಕಾನೂನಿನಲ್ಲಿ ಸ್ತ್ರೀಧನ. ಇದ್ದದ್ದು ಮಾತ್ರ ಅತ್ತೆಯ ಹೆಸರಿನ ಲಾಕರಿನಲ್ಲಿ. ಸನ್ನಿವೇಲ್‌ಗೆ ಹತ್ತಿರದ ಕೋರ್ಟು ಮೈಸೂರಿನ ಲಾಕರ್ ತೆಗೆಸಲಾರದು, ಗಂಡನಿಗೆ ಆದೇಶ ಮಾಡಬಲ್ಲದು ಅಷ್ಟೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಎರಡೂ ಮನೆಯವರು ಬ್ಯಾಂಕಿನಲ್ಲಿ ಸೇರಿ, ಅಕ್ಕಸಾಲಿಗರಿಂದ ತೂಕ ಹಾಕಿಸಿ, ಒಡವೆಯ ಹೆಸರು ಮತ್ತು ಗ್ರಾಂ ಬರೆದ ರಸೀದಿಗೆ ಸಹಿ ಮಾಡಿದರು. ಆ ರಸೀದಿ ಒಪ್ಪಂದದ ಅನುಬಂಧವಾಯಿತು. ‘ಆಮೇಲೆ ಕೊಡ್ತೀವಿ’ ಎಂಬ ಷರತ್ತು ಬರೆದಿದ್ದರೆ ಅದನ್ನು ಜಾರಿ ಮಾಡಿಸಲು ಮೈಸೂರಿನಲ್ಲಿ ಹೊಸ ದಾವೆ ಹೂಡಬೇಕಿತ್ತು. ಏಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಅಮೆರಿಕ ಪರಸ್ಪರ ಮಾನ್ಯತೆಯ ದೇಶವಲ್ಲ, ಅಲ್ಲಿನ ಡಿಕ್ರಿಯನ್ನು ಇಲ್ಲಿ ನೇರವಾಗಿ ಅಮಲ್ಜಾರಿಗೆ ಹಾಕುವಂತಿಲ್ಲ.

ಬೇರ್ಪಟ್ಟ ದಿನಾಂಕದ ಮೇಲೂ ಜಗ್ಗಾಟ ನಡೆಯಿತು. ಗಂಡ ಬರೆದದ್ದು ವಿಮಾನ ಹತ್ತಿದ ಮಾರ್ಚ್ ದಿನ. ಹೆಂಡತಿ ಹೇಳಿದ್ದು ಅದೇ ವರ್ಷದ ಜೂನ್, ಅಲ್ಲಿಯವರೆಗೂ ಸರಿಹೋಗುವ ಮಾತೇ ನಡೆದಿತ್ತು ಎಂದು. ಮೂರು ತಿಂಗಳ ವ್ಯತ್ಯಾಸಕ್ಕೆ ಇಷ್ಟು ಗಲಾಟೆ ಯಾಕೆಂದರೆ ಮೇ ತಿಂಗಳಲ್ಲಿ ಒಂದು ಕಂತು ಆರ್‌ಎಸ್‌ಯು ಕೈಗೆ ಬಂದಿತ್ತು. ಅಲ್ಲಿಯ ಕಾನೂನು ಕೇಳುವುದು ಮನೆ ಬಿಟ್ಟ ದಿನವನ್ನಲ್ಲ, ಮದುವೆ ಮುಗಿಯಿತು ಎಂದು ಒಬ್ಬರು ಇನ್ನೊಬ್ಬರಿಗೆ ತಿಳಿಸಿ ಅದರಂತೆಯೇ ನಡೆದುಕೊಂಡ ದಿನವನ್ನು. ಗಂಡನ ಹಳೆಯ ವಾಟ್ಸ್ಆ್ಯಪ್ ಸಂದೇಶಗಳು ಹೆಂಡತಿಯ ಪರವೇ ಸಾಕ್ಷಿ ಹೇಳಿದವು, ಜೂನ್ ಎಂದು ತೀರ್ಮಾನವಾಯಿತು.

ನಿವೇಶನ ಗಂಡನಿಗೆ ಉಳಿಯಿತು, ಅದಕ್ಕೆ ಸರಿಯಾದ ಮೊತ್ತ ಹೆಂಡತಿಗೆ. ಮೊದಲು ಆ ಬಾಬ್ತಿಗೆ ಷೇರುಗಳನ್ನೇ ವರ್ಗಾಯಿಸುವ ಮಾತಿತ್ತು. ತೆರಿಗೆ ಸಲಹೆಗಾರರು ತಡೆದರು. ಗಂಡ-ಹೆಂಡತಿಯ ನಡುವಿನ ವರ್ಗಾವಣೆಗೆ ಅಮೆರಿಕದ ತೆರಿಗೆ ಇಲ್ಲವೆಂಬ 1041ನೇ ಕಲಮಿನ ಸವಲತ್ತು, ಪಡೆಯುವವರು ಅನಿವಾಸಿ ವಿದೇಶಿಯಾಗಿದ್ದರೆ ಸಿಗುವುದಿಲ್ಲ. ಮೈಸೂರಿಗೆ ವಾಪಸ್ಸಾದ ಹೆಂಡತಿ ಆ ಲೆಕ್ಕದಲ್ಲಿ ವಿದೇಶಿಯೇ. ಗಂಡ ನಗದು ಕೊಟ್ಟರು. 401(ಕೆ) ಪಾಲಿಗೆ ಮಾತ್ರ ‘ಕ್ವಾಡ್ರೋ’ ಎಂದು ಕರೆಯುವ ಪ್ರತ್ಯೇಕ ಆದೇಶ ಬೇಕಾಯಿತು. ಒಪ್ಪಂದದಲ್ಲಿ ಬರೆದರಷ್ಟೇ ಆ ಖಾತೆಯ ಕಂಪನಿ ಹಣ ಬಿಡುವುದಿಲ್ಲ.

ಎಫ್‌ಎಲ್-180ರ ಎರಡು ಚೌಕ

ನವೆಂಬರ್‌ನಲ್ಲಿ ತೀರ್ಪಿನ ಕಟ್ಟು ಸಲ್ಲಿಕೆಯಾಯಿತು: ಎಫ್‌ಎಲ್-130, ಇಬ್ಬರ ಎಫ್‌ಎಲ್-141, ಅಂತಿಮ ಆಸ್ತಿ ವಿವರವನ್ನು ಇಬ್ಬರೂ ಬಿಟ್ಟುಕೊಟ್ಟದ್ದಕ್ಕೆ ಎಫ್‌ಎಲ್-144, ಪ್ರಮಾಣಿತ ಹೇಳಿಕೆಯ ಎಫ್‌ಎಲ್-170, ತೀರ್ಪಿನ ಎಫ್‌ಎಲ್-180, ತೀರ್ಪು ದಾಖಲಾದ ಸೂಚನೆಗೆ ಎಫ್‌ಎಲ್-190, ಜೊತೆಗೆ ಒಪ್ಪಂದ. ಹೆಂಡತಿಯ ಸಹಿಗೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ನೋಟರಿ ಆಯಿತು, ಒಂದು ಮುದ್ರೆಗೆ 50 ಡಾಲರ್. ಈ ಬಗೆಯಲ್ಲಿ ನೋಟರಿ ಕಡ್ಡಾಯವಲ್ಲ. ನಾಳೆ ‘ಆ ಸಹಿ ನನ್ನದಲ್ಲ’ ಎಂಬ ಮಾತು ಬರಬಾರದೆಂದು ಮಾಡಿಸಿದ್ದು.

ಕಟ್ಟು ಒಮ್ಮೆ ವಾಪಸ್ಸು ಬಂತು. ಎಫ್‌ಎಲ್-180ರ ಮೂರನೇ ಕಲಮು ಕೋರ್ಟಿಗೆ ಎದುರುಪಕ್ಷದ ಮೇಲೆ ಅಧಿಕಾರ ಬಂದ ದಿನಾಂಕ ಕೇಳುತ್ತದೆ, ಕೆಳಗೆ ಎರಡು ಚೌಕ: ಸಮನ್ಸ್ ಜಾರಿಯಾಯಿತು, ಹಾಜರಾದರು. ಗಂಡ ಹಳೆಯ ಅಭ್ಯಾಸದಲ್ಲಿ ಮೊದಲ ಚೌಕಕ್ಕೆ ಟಿಕ್ ಹಾಕಿ ಕೊರಿಯರ್ ಮುಟ್ಟಿದ ದಿನ ಬರೆದಿದ್ದರು. ಸರಿಯಾದದ್ದು ಎರಡನೆಯ ಚೌಕ ಮತ್ತು ಜೂನ್ 10. ಮೈಸೂರಿನಲ್ಲಿ ಡಿಕ್ರಿ ಓದುವವರು ಮೊದಲು ಹುಡುಕಬೇಕಾದ ಸಾಲೂ ಇದೇ.

ಇನ್ನೊಂದು ಸಾಲು ಅದರ ಮೇಲೆಯೇ ಇದೆ. ವಿಚಾರಣೆ ಹೇಗೆ ನಡೆಯಿತು ಎಂಬಲ್ಲಿ ‘ಡಿಫಾಲ್ಟ್ ಅಥವಾ ತಕರಾರಿಲ್ಲದ್ದು’ ಎಂದು ಎರಡಕ್ಕೂ ಒಂದೇ ಚೌಕ. ಫಾರಂ ಬದಲಿಸುವಂತಿಲ್ಲ. ಹಾಗಾಗಿ ಒಪ್ಪಂದದ ಮೊದಲ ಪುಟದಲ್ಲೇ ಬರೆಸಿದರು: ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಆದದ್ದು, ಇಬ್ಬರೂ ಒಂದು ವರ್ಷಕ್ಕೂ ಮೀರಿ ಬೇರೆ ವಾಸವಿದ್ದಾರೆ, ಒಟ್ಟಿಗೆ ಬಾಳಲು ಆಗಿಲ್ಲ, ಮದುವೆ ಮುಗಿಸಲು ಪರಸ್ಪರ ಒಪ್ಪಿದ್ದಾರೆ, ಹೆಂಡತಿ ಸ್ವಇಚ್ಛೆಯಿಂದ ಈ ಕೋರ್ಟಿನ ಅಧಿಕಾರ ಒಪ್ಪಿ ಉತ್ತರ ಸಲ್ಲಿಸಿದ್ದಾರೆ. ಇವು ಕಾಯ್ದೆಯ 13ಬಿ ಕಲಂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕೇಳುವ ಅಂಶಗಳೇ. ಕ್ಯಾಲಿಫೋರ್ನಿಯಾಗೆ ಈ ಪ್ಯಾರಾದ ಅಗತ್ಯವಿರಲಿಲ್ಲ.

ಡಿಸೆಂಬರ್‌ನಲ್ಲಿ ತೀರ್ಪು ದಾಖಲಾಯಿತು. ಹೆಂಡತಿ ಅಮೆರಿಕದಲ್ಲೇ ಇದ್ದಿದ್ದರೆ ಆ ದಿನವೇ ಎಚ್-4 ಸ್ಥಾನಮಾನ ಹೋಗುತ್ತಿತ್ತು. ಅಲ್ಲಿರುವವರು ತೀರ್ಪಿಗೆ ಮೊದಲೇ ಬೇರೆ ವೀಸಾ ವ್ಯವಸ್ಥೆ ನೋಡಿಕೊಳ್ಳಬೇಕು.

ಕಾಗದ ಮೈಸೂರಿಗೆ ಬಂದ ಮೇಲೆ

ತೀರ್ಪು, ಲಗತ್ತಾದ ಒಪ್ಪಂದ, ಎಫ್‌ಎಲ್-120 ಮೂರರದ್ದೂ ದೃಢೀಕೃತ ನಕಲು ತೆಗೆಸಿದರು. ತೀರ್ಪಿನ ನಕಲಿಗೆ ದೃಢೀಕರಣ ಶುಲ್ಕ 15 ಡಾಲರ್. ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್ (ದಾಖಲೆ ಬೇರೆ ದೇಶದಲ್ಲಿ ನಡೆಯಲು ಹಾಕುವ ಪ್ರಮಾಣಮುದ್ರೆ), ಪ್ರತಿಯೊಂದಕ್ಕೆ 20 ಡಾಲರ್. 1991ರ ತೀರ್ಪಿನಲ್ಲೇ ಬರೀ ಜೆರಾಕ್ಸ್ ಪ್ರತಿ ಸಾಲದು, ಆ ದೇಶದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಬೇಕು ಎಂದಿರುವುದರಿಂದ ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟ್‌ನ ಮುದ್ರೆಯನ್ನೂ ಹಾಕಿಸಿದರು.

ಹೆಂಡತಿ ಅಷ್ಟಕ್ಕೆ ನಿಲ್ಲಲಿಲ್ಲ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನಡಿ ಮೈಸೂರಿನಲ್ಲಿ ತಮ್ಮ ವೈವಾಹಿಕ ಸ್ಥಾನಮಾನದ ಘೋಷಣೆಗೆ ದಾವೆ ಹಾಕಿದರು. ಗಂಡ ಪವರ್ ಆಫ್ ಅಟಾರ್ನಿ ಮೂಲಕ ತಕರಾರಿಲ್ಲ ಎಂದು ಮೆಮೊ ಹಾಕಿಸಿದರು, ಘೋಷಣೆ ಸಿಕ್ಕಿತು. ಇದು ಕಡ್ಡಾಯವಲ್ಲ. ಆದರೆ ವಿದೇಶಿ ಡಿಕ್ರಿಯನ್ನು ಒಂದು ಕಚೇರಿ ಒಪ್ಪಿದರೆ ಇನ್ನೊಂದು ಕಚೇರಿ ಪ್ರಶ್ನೆ ಹಾಕುತ್ತದೆ, ಮರುಮದುವೆಯ ನೋಂದಣಿಯ ಹೊತ್ತಿಗೆ ಆ ರಗಳೆ ಯಾರಿಗೂ ಬೇಡ. ಮೈಸೂರಿನಲ್ಲೇ ನೇರವಾಗಿ 13ಬಿ ಅರ್ಜಿ ಹಾಕಿದ್ದರೆ ಹೇಗಿತ್ತು ಎಂದು ಕೇಳುವವರಿದ್ದಾರೆ. ಹಂಚಿಕೊಳ್ಳಲು ಅಮೆರಿಕದ ಆಸ್ತಿ ಇಲ್ಲದಿದ್ದರೆ ಅದೇ ಸುಲಭ: ಆರು ತಿಂಗಳ ಎರಡನೇ ಹಂತದ ಕಾಯುವಿಕೆಯನ್ನು ಸಂದರ್ಭ ನೋಡಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇಲ್ಲಿ ಷೇರು, 401(ಕೆ) ಇದ್ದದ್ದರಿಂದ ಕ್ಯಾಲಿಫೋರ್ನಿಯಾದ ಆದೇಶವಿಲ್ಲದೆ ಆಗುತ್ತಿರಲಿಲ್ಲ.

ಹೆಂಡತಿ ಒಪ್ಪದೇ ಇದ್ದಿದ್ದರೆ ಈ ಯಾವ ಹೆಜ್ಜೆಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಆಗ ಗಂಡ ಕೌಂಟಿ ಕೋರ್ಟಿನ 435 ಡಾಲರ್ ಉಳಿಸಿಕೊಂಡು, ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಡಿ ಕ್ರೌರ್ಯವೋ ಪರಿತ್ಯಾಗವೋ ಯಾವುದಾದರೊಂದು ಕಾರಣ ಹೇಳಿ ಮೈಸೂರಿನಲ್ಲೇ ಅರ್ಜಿ ಹಾಕಬೇಕಿತ್ತು. ಪರಿತ್ಯಾಗಕ್ಕಾದರೆ ಅರ್ಜಿಗೆ ಮುಂಚೆ ಸತತ ಎರಡು ವರ್ಷ ತುಂಬಿರಬೇಕು, ಈ ದಂಪತಿಗೆ ಅಷ್ಟು ಆಗಿರಲಿಲ್ಲ.